ಅಳಿವೆಯವರೆಗೆ ಹೋಗದ ಪಾಠ

ನಡುವಿನ ಬೆಟ್ಟಗಳಿಂದ ಎಲ್ಲ ದಿಕ್ಕಿಗೂ ಇಳಿದು ಹೋಗುವ ನಮ್ಮ ದ್ವೀಪದ ನದಿಗಳ ಪಾಠ ಹೇಳಿದ ಶಿಕ್ಷಕರು ಅನೇಕರಿದ್ದಾರೆ. ಆದರೆ ಗಂಪೊಲದ ನಮ್ಮ ಹೆಣ್ಣುಮಕ್ಕಳ ಶಾಲೆಯಲ್ಲಿ ಹುಡುಗಿಯರನ್ನೇ ಆ ನದಿಗಳಾಗಿ ನಡೆಸಿ ಕಲಿಸಿದವರು ಶ್ರೀಮತಿ ಯಸವತಿ ಏಕನಾಯಕ ಒಬ್ಬರೇ. ಹುಡುಗಿಯರನ್ನು ಆಟದ ಬಯಲಿನ ನಡುವೆ ನಿಲ್ಲಿಸಿ, ಕೆಲನಿಯಾದವಳನ್ನು ಪಶ್ಚಿಮಕ್ಕೆ, ವಳವೆಯಾದವಳನ್ನು ದಕ್ಷಿಣಕ್ಕೆ ಕಳಿಸುತ್ತಿದ್ದರು. ಮಹಾವೆಲಿಯಾದವಳು ಮಾತ್ರ ಸುತ್ತಿ ಬಳಸಿ, ಎಲ್ಲರಿಗಿಂತ ತಡವಾಗಿ ಪೂರ್ವದ ಕಡಲು ಸೇರಬೇಕು. "ಓಡ್ಬೇಡ ಕಣೇ! ದಾರೀಲಿ ಎಷ್ಟು ಗದ್ದೆಗೆ ನೀರುಣಿಸ್ಬೇಕು ನೀನು!" ಎಂಬ ಅವರ ಕೂಗು ಪೇಟೆಯವರೆಗೂ ಕೇಳುತ್ತಿತ್ತು.

ಎಪ್ಪತ್ತರ ದಶಕದ ಕೊನೆಯಲ್ಲಿ ಶಾಲೆಗೆ ಬಂದ ಯಸವತಿಯವರು, ಚಹಾ ತೋಟದಿಂದ ಇಳಿದು ಬರುವ ಮಕ್ಕಳೊಂದಿಗೆ ತಮ್ಮ ಬಾಳೆಲೆಯ ಅನ್ನದ ಪೊಟ್ಟಣವನ್ನು ಹಂಚಿಕೊಳ್ಳುತ್ತಿದ್ದರು. ಹತ್ತನೆಯ ತರಗತಿಯ ಹುಡುಗಿಯೊಬ್ಬಳಿಗೆ ಮದುವೆ ನಿಶ್ಚಯವಾದಾಗ, ಅವಳ ಮನೆಯ ಜಗುಲಿಯಲ್ಲಿ ಸಂಜೆಗಟ್ಟಲೆ ಕುಳಿತು, ಪರೀಕ್ಷೆ ಮುಗಿಯುವವರೆಗೆ ಅದನ್ನು ಮುಂದೂಡಿಸಿದರು. ಆಕೆ ಇಂದು ನಮ್ಮ ಸಹೋದ್ಯೋಗಿ.

ಅದೇ ವರ್ಷಗಳಲ್ಲಿ ತಮಿಳು ಕಲಿಸಲು ಬಂದಿದ್ದವರು ತವಮಲರ್, ಮೂತೂರಿನವರು. ಮಹಾವೆಲಿ ಕಡಲು ಸೇರುವ ಅಳಿವೆಯ ಕಡೆಯವರು. ಇಬ್ಬರೂ ಒಂದೇ ಬೆಂಚಿನಲ್ಲಿ ಕುಳಿತು ಉಣ್ಣುತ್ತಿದ್ದರು.

"ನಿಮ್ಮ ಪಾಠ ಅರ್ಧ ದಾರೀಲಿ, ಮನ್ನಂಪಿಟಿಯ ಸೇತುವೆ ಹತ್ರ ನಿಂತುಬಿಡುತ್ತೆ ಅಕ್ಕಾ," ಎಂದು ತವಮಲರ್ ಕೆಣಕುತ್ತಿದ್ದರು. "ಅಲ್ಲಿಂದ ಮುಂದೆ ನಾವೂ ಬದುಕಿದ್ದೀವಿ. ಒಂದ್ಸಲ ಬಂದು ನೋಡಿ."

"ಬರ್ತೀನಿ ತಂಗಿ. ಈ ರಜೆ ಮಾತ್ರ ಬೇಡ."

ಒಂದು ರಜೆಯಲ್ಲಿ ಮಗುವಿಗೆ ಜ್ವರ, ಇನ್ನೊಂದರಲ್ಲಿ ಭಿಕ್ಷುಗಳಿಗೆ ಅತ್ತೆಯವರ ದಾನದೂಟ, ಮತ್ತೊಂದರಲ್ಲಿ ನಾದಿನಿಯ ಬಾಣಂತನ. ಒಂದೂ ನೆಪವಲ್ಲ. ಅಷ್ಟಕ್ಕೂ ಯಸವತಿಯವರು ಹೊರಡುತ್ತೇನೆಂದು ಮನೆಯಲ್ಲಿ ಒಮ್ಮೆಯೂ ಬಾಯಿ ಬಿಟ್ಟು ಹೇಳಿರಲಿಲ್ಲ.

ಎಂಬತ್ತಮೂರರ ಜುಲೈಯಲ್ಲಿ ಊರೂರಲ್ಲಿ ತಮಿಳರ ಮನೆಗಳಿಗೆ ಬೆಂಕಿ ಬಿದ್ದಾಗ, ಅವರು ತವಮಲರ್ ಅವರನ್ನು ಒಳಕೋಣೆಯಲ್ಲಿ ಇರಿಸಿಕೊಂಡರು. ಗಲಭೆ ತಣಿದ ಮೇಲೆ ಗುರುತು ಸಿಗದಂತೆ ತಮ್ಮದೇ ಸೀರೆ ಉಡಿಸಿ, ಕೈಹಿಡಿದು ಊರಿನ ಬಸ್ಸು ಹತ್ತಿಸಿದರು. "ಡಿಸೆಂಬರಿಗೆ ನಾನೇ ಬರ್ತೀನಿ," ಎಂದರು. ಈ ಉಪಕಾರವನ್ನು ನಾವು ಹೊಗಳಿದಾಗಲೆಲ್ಲ ಅವರು ಮಾತು ಬದಲಿಸುತ್ತಿದ್ದರು. ಆಮೇಲೆ ಯುದ್ಧ ರಸ್ತೆಗಳನ್ನು ನುಂಗಿತು. ಅಳಿವೆ ಹೇಗಿದೆ ಎಂದು ಮಕ್ಕಳು ಕೇಳಿದರೆ, ಎಲ್ಲಕ್ಕೂ ಉತ್ತರವಿದ್ದ ಆ ಶಿಕ್ಷಕಿ, "ನಾನು ನೋಡಿಲ್ಲ ಮಗಳೇ," ಎಂದು ಕಪ್ಪುಹಲಗೆ ಒರೆಸುತ್ತಿದ್ದರು.

ಯುದ್ಧ ಮುಗಿದು ರಸ್ತೆ ತೆರೆದಿದ್ದ ಈ ವರ್ಷ, ನಿವೃತ್ತಿಯ ಕಾಣಿಕೆಯಾಗಿ ಏನು ಬೇಕೆಂದು ಕೇಳಿದೆವು. ಮೂತೂರಿಗೆ ಕರೆದುಕೊಂಡು ಹೋಗಿ ಎಂದರು. ತವಮಲರ್ ಇದ್ದಾರೋ ಇಲ್ಲವೋ ಎಂಬುದೂ ಗೊತ್ತಿರಲಿಲ್ಲ. ದಾರಿಯುದ್ದಕ್ಕೂ ಯಸವತಿಯವರು ಒಂದು ತುತ್ತೂ ತಿನ್ನಲಿಲ್ಲ.

ಇದ್ದರು. ತವಮಲರ್ ಬಾಗಿಲಿಗೆ ಬಂದು, ನರೆತ ತಲೆಯ ಗೆಳತಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಡಿಸೆಂಬರ್ ಅಂದಿದ್ರಿ. ಯಾವ ವರ್ಷದ್ದು ಅಂತ ಕೇಳ್ದೇ ಇದ್ದದ್ದು ನನ್ನ ತಪ್ಪು."

"ರಸ್ತೆ ಮುಚ್ಚಿತ್ತಲ್ಲ ತಂಗಿ..."

"ಮುಚ್ಚಿದ್ದು ಆಮೇಲೆ ಅಕ್ಕಾ. ನಾನು ಕರೀತಿದ್ದಾಗೆಲ್ಲ ತೆರೆದೇ ಇತ್ತು."

ತವಮಲರ್ ಒಳಗೆ ಹೋಗಿ ಚಹಾ ತಂದರು. "ಕುಡೀರಿ. ಎಲೆ ನಿಮ್ಮ ಕಡೇದು, ನೀರು ಊರಾಚೆಯಿಂದ ಹೊತ್ತು ತಂದದ್ದು. ನಮ್ಮ ಬಾವಿ ಉಪ್ಪಾಗಿದೆ."

ಸಂಜೆ ಇಬ್ಬರೂ ಅಳಿವೆಗೆ ನಡೆದರು. ಮೇಲಿನ ಅಣೆಕಟ್ಟುಗಳು ನೀರು ತಡೆದು, ಆ ಬೇಸಿಗೆಯಲ್ಲಿ ನದಿ ತೆಳ್ಳಗಿತ್ತು. ಕಡಲೇ ಅದರೊಳಕ್ಕೆ ಬರುತ್ತಿತ್ತು. ಮಹಾವೆಲಿಯ ಒಂದು ಹನಿಯೂ ಸುಮ್ಮನೆ ಕಡಲಿಗೆ ಹೋಗಬಾರದೆಂದು ತಾವು ತರಗತಿಯಲ್ಲಿ ಹೆಮ್ಮೆಯಿಂದ ಹೇಳುತ್ತಿದ್ದುದನ್ನು ಯಸವತಿಯವರು ಮೆಲ್ಲನೆ ಗೆಳತಿಗೆ ಹೇಳಿದರು. ತವಮಲರ್ ನಕ್ಕರು, ಆದರೆ ಕೈಹಿಡಿಯಲಿಲ್ಲ. ಈ ಬೀಳ್ಕೊಡುಗೆ ಸಮಾರಂಭಕ್ಕೆ ಯಸವತಿಯವರು ಕರೆದಾಗಲೂ, "ನಾನು ಬರಲ್ಲ. ಬರೋ ಸರದಿ ಇನ್ನೂ ನಿಮ್ಮದೇ," ಎಂದುಬಿಟ್ಟರು.

ಯಸವತಿಯವರು ಈಗ ಅಳಿವೆಯ ಪಾಠವನ್ನು ಹೊಸದಾಗಿ ಬರೆಯಲು ಕುಳಿತಿದ್ದಾರೆ. ಬರೆಯುವ ಬಲ ಅವರಿಗಿರಲಿ, ಆಯುಸ್ಸು ಧಾರಾಳವಾಗಿರಲಿ. ಮೂತೂರಿನ ತವಮಲರ್ ಅವರಿಗೂ ನಾವು ಅಷ್ಟೇ ಆಯುಸ್ಸನ್ನು ಬೇಡಿಕೊಳ್ಳುತ್ತೇವೆ. ಕಳೆದುಹೋದ ಅಷ್ಟು ರಜೆಗಳಿಗೆ ಒಬ್ಬರ ಆಯುಸ್ಸು ಸಾಲದು.