ತೊಂಬತ್ತು ಡಿಗ್ರಿಯ ಮೂಲೆ

ಗಣಿತವನ್ನು ಕಲೆ, ವಿಜ್ಞಾನಗಳ ಜೊತೆ ಬೆಸೆದು ಕಲಿಸಿರಿ ಎಂದು ಯಾದಗಿರಿಯ ತರಬೇತಿಯಲ್ಲಿ ಹೇಳಿದರು. ಮರುವಾರವೇ ದೋರನಹಳ್ಳಿಯ ನನ್ನ ಒಂಬತ್ತನೇ ತರಗತಿಯನ್ನು ಕಾಲುವೆ ದಂಡೆಗೆ ಕರೆದೊಯ್ದೆ. ನೀರಿನ ವೇಗ ಅಳೆಯಲು ಜೋಳದ ದಂಟೊಂದನ್ನು ತೇಲಿಬಿಟ್ಟೆವು. ಅದು ಹತ್ತು ಹೆಜ್ಜೆ ಹೋಗಿ ಜೇಕಿನ ಹುಲ್ಲಿನಲ್ಲಿ ಸಿಕ್ಕಿಕೊಂಡಿತು. ನಾನು ಇನ್ನೊಂದು ತುದಿಯಲ್ಲಿ ಗಡಿಯಾರ ನೋಡುತ್ತ ನಿಂತೇ ಇದ್ದೆ.

ಮನೆಗೆ ಬಂದು ಹೇಳಿದಾಗ ಹೆಂಡತಿ ಕೈಯಲ್ಲಿದ್ದ ಕೌದಿ ಕೆಳಗಿಟ್ಟು ನಕ್ಕಳು. "ಹಂಗಾರ ಕಾಲುವಿ ನಿಂತೈತೇನ್ರಿ? ಗದ್ದಿಯವರಿಗೆ ಹೇಳಿ ಬರ್ರಿ, ಪಾಪ, ಸುಮ್ಮನ ನೀರು ಹಾಯಿಸಾಕತ್ತಾರ."

ಹಳೆ ಸೀರೆಗಳ ತುಂಡು ಕೂಡಿಸಿ ಮಗಳ ಕೂಸಿಗೆಂದು ಆಕೆ ಆ ಕೌದಿ ಹೊಲಿಯುತ್ತಿದ್ದಳು. ವಿಜ್ಞಾನ ಕೈಕೊಟ್ಟಿತ್ತು, ಕಲೆಯನ್ನು ಹಿಡಿದೆ. ಕೌದಿಯ ಮೇಲೆ ಪಟ್ಟಿ ಇಟ್ಟು ಅಳೆದು, "ಈ ಮೂಲ್ಯಾಗ ಒಂದು ತ್ರಿಕೋನ ಕಡಿಮಿ ಬಿದ್ದೈತಿ" ಎಂದೆ.

"ಅದು ನಿಮ್ಮ ಲೆಕ್ಕಕ್ಕ ಬರಂಗಿಲ್ಲ. ಕೈ ಹಚ್ಚಬ್ಯಾಡ್ರಿ."

ಆ ಮೂಲೆ ತೆರೆದೇ ಇತ್ತು. ಎಂಟು ದಿನದ ಜ್ವರದಲ್ಲಿ ಆಕೆ ಹೋದಳು.

ಆಕೆ ಅರ್ಧಕ್ಕೆ ಬಿಟ್ಟ ಕೆಲಸಗಳಲ್ಲಿ ನನ್ನಿಂದ ಮುಗಿಸಲು ಆಗುವುದು ಇದೊಂದೇ ಅನ್ನಿಸಿತು. ಆಕೆಯ ಹಸಿರು ಸೀರೆಯಿಂದ ಲಂಬಕೋನ ತ್ರಿಕೋನವೊಂದನ್ನು ಕತ್ತರಿಸಿ, ಬೆರಳಿಗೆ ಚುಚ್ಚಿಕೊಳ್ಳುತ್ತ ಮೂರು ದಿನ ಹೊಲಿದೆ. ಹೊಲಿಗೆ ನೆಟ್ಟಗಿತ್ತು ಎನ್ನಲಾರೆ; ಕೋನ ಮಾತ್ರ ತೊಂಬತ್ತು ಡಿಗ್ರಿ. ಕೂಸಿಗೆ ಕೊಡುವ ಮೊದಲು ತರಗತಿಗೆ ಒಯ್ದು, ಮೇಜಿನ ಮೇಲೆ ಹಾಸಿ ಪಾಠ ಮಾಡಿದೆ.

ಮುಂದಿನ ಸಾಲಿನ ಹುಡುಗಿ ಎದ್ದು ಬಂದು ನನ್ನ ಮೂಲೆಯನ್ನು ಹಿಸುಕಿ ನೋಡಿದಳು. "ಸರ್, ಇದರ ಹೊಟ್ಟಿ ತುಂಬ್ಸೀರೇನ್ರಿ?"

"ಏನಂದಿ?"

"ರೊಟ್ಟಿ ಚೂರು ಇಟ್ಟು ಕಡೀ ಮೂಲಿ ಮುಚ್ಚಬೇಕ್ರಿ. ಹಸದ ಕೌದಿ ಕೂಸಿಗೆ ಹೊಚ್ಚತಾರೇನ್ರಿ?"

ಇಡೀ ತರಗತಿಗೆ ಗೊತ್ತಿತ್ತು. ಇಪ್ಪತ್ತೆಂಟು ವರ್ಷ ಆಕೆಯ ಕೌದಿ ಹೊದ್ದು ಮಲಗಿದವನಿಗೆ ಗೊತ್ತಿರಲಿಲ್ಲ.

ಅಂದು ಸಂಜೆ ಮೂಲೆ ಬಿಚ್ಚಿ, ರೊಟ್ಟಿ ಬಡಿಯಲು ಕೂತೆ. ವೃತ್ತ ಕಲಿಸುತ್ತಲೇ ತಲೆ ಬೆಳ್ಳಗಾದವನ ರೊಟ್ಟಿಗೆ ಯಾವ ಆಕೃತಿಯ ಹೆಸರೂ ಹೊಂದಲಿಲ್ಲ. ಕರಕಾಗದ ಕಡೆಯಿಂದ ಒಂದು ಚೂರು ಮುರಿದು ಒಳಗಿಟ್ಟು ಹೊಲಿದೆ. ತ್ರಿಕೋನ ಉಬ್ಬಿತು. ತೊಂಬತ್ತು ಡಿಗ್ರಿ ಉಳಿಯಲಿಲ್ಲ, ನಾನೂ ಅಳೆಯಲಿಲ್ಲ.

ಮರುದಿನ ಗೋಗಿಯ ಬಸ್ಸು ಹತ್ತಿ ಮಗಳ ಮನೆಗೆ ಒಯ್ದೆ. ಆಕೆಯೂ ಮೊದಲು ಆ ಮೂಲೆಯನ್ನೇ ಹಿಸುಕಿದಳು, ಹೊಲಿಗೆ ನೋಡಿದಳು.

"ರೊಟ್ಟಿ ಯಾರು ಮಾಡಿದ್ರು, ಯಪ್ಪಾ?"

"ನಾನ."

"ಹಂಗಾರ ಕೌದಿಗೆ ಹೊಟ್ಟಿನೋವು ಬರತೈತಿ, ತಗೋ" ಎನ್ನುತ್ತ, ಕಣ್ಣೊರೆಸಿಕೊಂಡು ಕೂಸಿಗೆ ಹೊದಿಸಿದಳು.