ಮೇಜಿನ ಮೇಲೆ ಬಿಡಬೇಕಿದ್ದ ಪುಸ್ತಕ

ನಮ್ಮ ಹಾಸನದ ಕಡೆ ನೆಂಟರ ಮನೆಯಲ್ಲಿ ಊಟ ಮುಗಿದ ಮೇಲೆ "ತಟ್ಟೆ ಅಲ್ಲೇ ಬಿಡವ್ವಾ, ನಾವು ಎತ್ಕೋತೀವಿ" ಅನ್ನುತ್ತಾರೆ. ಹಾಗಂದರೆ ನೀನೇ ಎತ್ತು ಎಂದರ್ಥ. ಅವರ ಮಾತು ನಂಬಿ ನಾನೇನಾದರೂ ತಟ್ಟೆ ಬಿಟ್ಟು ಎದ್ದರೆ, ಮನೆಗೆ ಬಂದ ಮೇಲೆ ನಮ್ಮಜ್ಜಿ ವಿಚಾರಿಸಿಕೊಳ್ಳುತ್ತಿದ್ದಳು. "ಅವ್ರು ಅಂತಾರೆ ಕಣೇ. ಅನ್ನೋದು ಅವ್ರ ಮರ್ಯಾದೆ, ಎತ್ತೋದು ನಿನ್ನ ಮರ್ಯಾದೆ. ಅಷ್ಟೂ ತಿಳೀದಾ ನಿಂಗೆ?"

ನನಗೆ ಬಂದ ಮಾತೆಲ್ಲ ಈ ಅಜ್ಜಿಯ ಬಾಯಿಂದ ಬಂದದ್ದು. ಮಾತಿನ ಬೆನ್ನಿಗೆ ಇಂಥವೂ ಬಂದವು. ಅದೇ ಮರ್ಯಾದೆ ಮುಂದೆ ಅಮೆರಿಕದ ಹೇವರ್ಡ್ ಊರಿನ ಒಂದು ಲೈಬ್ರರಿಯಲ್ಲಿ ಇಡೀ ಕಪಾಟನ್ನು ನುಂಗಿತು ಎಂದರೆ ಅಜ್ಜಿ ನಂಬುತ್ತಿರಲಿಲ್ಲ.

ಅದು ಡಾಟ್‌ಕಾಮ್ ಕಂಪನಿಗಳ ಕಾಲ. ನನ್ನವರು ಸಾಂಟಾ ಕ್ಲಾರಾದ ಒಂದು ಕಂಪನಿಯಲ್ಲಿದ್ದರು. ನನ್ನ ವೀಸಾದಲ್ಲಿ ಸಂಬಳದ ಕೆಲಸ ಮಾಡುವಂತಿರಲಿಲ್ಲ. ಅಪಾರ್ಟ್‌ಮೆಂಟಿನ ಗೋಡೆಗಳ ಜೊತೆ ಮಾತಾಡಿ ಸಾಕಾಗಿ, ಬಸ್ಸಿಗೆ ಹತ್ತಿರವಿದ್ದ ಲೈಬ್ರರಿಗೆ ಹೋಗಿ, ಬಿಟ್ಟಿ ದುಡಿಯುತ್ತೇನೆ, ಏನಾದರೂ ಕೆಲಸ ಕೊಡಿ ಎಂದೆ. ಅಲ್ಲಿನ ಲೈಬ್ರರಿಯನ್ ನನ್ನನ್ನು ಸ್ಪ್ಯಾನಿಷ್ ಪುಸ್ತಕಗಳ ಮೂಲೆಗೆ ಹಾಕಿದಳು. ನನಗೆ ಆ ಭಾಷೆ ಒಂದಕ್ಷರ ಬಾರದು ಎಂದರೆ, "ಅಕ್ಷರ ಬರುತ್ತಲ್ಲ, ಸಾಕು," ಎಂದು ನಕ್ಕಳು.

ಅವಳ ಅಜ್ಜ ಅಜ್ಜಿ ಮೆಕ್ಸಿಕೋದಿಂದ ಬಂದವರು. ಆ ಮೂಲೆಯನ್ನು ಕಟ್ಟಿದ್ದು ಅವಳೊಬ್ಬಳೇ. ಪುಸ್ತಕ ಒದಗಿಸುವ ಏಜೆಂಟರ ಪಟ್ಟಿಯಲ್ಲಿ ಇಂಗ್ಲಿಷಿನಿಂದ ಬಂದ ತೂಕ ಇಳಿಸುವ ಪುಸ್ತಕಗಳು, ಇಲ್ಲವೇ ಸ್ಪೇನಿನಲ್ಲಿ ಅಚ್ಚಾದ ಅಡುಗೆ ಪುಸ್ತಕಗಳು. ಸ್ಪೇನಿಗೂ ಮೆಕ್ಸಿಕೋಗೂ ಭಾಷೆ ಒಂದೇ ಆದರೂ ಕಾಳಿನ ಹೆಸರು ಬೇರೆ, ಹಣ್ಣಿನ ಹೆಸರು ಬೇರೆ. ಧಾರವಾಡದವರ ಕೈಗೆ ಮಂಗಳೂರಿನ ಮೀನುಸಾರಿನ ಪುಸ್ತಕ ಕೊಟ್ಟ ಹಾಗೆ. ಇವಳು ಬಟ್ಟೆ ಒಗೆಯುವ ಅಂಗಡಿಗಳಿಗೆ ಹೋಗಿ, ಮೆಷಿನ್ನಿನ ಮುಂದೆ ಕಾಯುತ್ತ ಕುಳಿತ ಹೆಂಗಸರನ್ನು "ಏನು ಓದಲು ಇಷ್ಟ?" ಎಂದು ಕೇಳಿಕೊಂಡು ಬರುತ್ತಿದ್ದಳು. ರಜೆ ಹಾಕಿ ಮೆಕ್ಸಿಕೋಗೆ ಹೋಗಿ, ಬಟ್ಟೆ ಅಲ್ಲೇ ಬಿಟ್ಟು, ಸೂಟ್‌ಕೇಸಿನ ತುಂಬ ಪುಸ್ತಕ ಹೊತ್ತು ತಂದಿದ್ದಳು. ನಾನು ಅವುಗಳ ಬೆನ್ನಿಗೆ ಚೀಟಿ ಅಂಟಿಸಿ, ಒರೆಸಿ, ಸಾಲಾಗಿ ಜೋಡಿಸುತ್ತಿದ್ದೆ.

"ಅಲ್ಲಾ ಕಣೇ, ಕನ್ನಡ ಪುಸ್ತಕ ಒಂದೂ ಇಲ್ದಿರೋ ಊರಲ್ಲಿ ಸ್ಪ್ಯಾನಿಷ್ ಶೆಲ್ಫ್ ಒರೆಸ್ಕೊಂಡು ಕೂತಿದ್ದೀಯಲ್ಲ, ಯಾವ್ ಕರ್ಮ ನಿಂದು?" ಎಂದು ನನ್ನವರು ಛೇಡಿಸುತ್ತಿದ್ದರು.

"ನಿಮ್ ಕಂಪ್ನಿ ಏನ್ ಮಾರತ್ತೆ ಅಂತ ಮೊದ್ಲು ಹೇಳ್ರೀ. ಆಮೇಲೆ ನನ್ ಕರ್ಮ ನೋಡೋಣ."

"ಅದು ನಮ್ ಬಾಸಿಗೂ ಗೊತ್ತಿಲ್ಲ ಬಿಡು."

ಪ್ರತಿ ಮಂಗಳವಾರ ಆ ಮೂಲೆಗೆ ಒಬ್ಬ ಮುದುಕಿ ಬರುತ್ತಿದ್ದಳು. ಹಣ್ಣು ಡಬ್ಬಿಗೆ ತುಂಬುವ ಕಾರ್ಖಾನೆಯಲ್ಲಿ ಬಹಳ ವರ್ಷ ದುಡಿದವಳು, ಬೆರಳ ಗೆಣ್ಣುಗಳು ಊದಿಕೊಂಡಿದ್ದವು. ನಾನು ಅವಳನ್ನು ಎಲ್ಲರಂತೆ ಸೆನ್ಯೋರಾ, ಅಂದರೆ ಅಮ್ಮಾವ್ರೇ, ಎನ್ನುತ್ತಿದ್ದೆ, ಅವಳು ನನ್ನನ್ನು ಮಿಹಾ ಎನ್ನುತ್ತಿದ್ದಳು. ಮಗಳೇ ಎಂದಂತೆ. ಅವಳ ಮುರುಕು ಇಂಗ್ಲಿಷು, ನನ್ನ ತೊದಲು ಸ್ಪ್ಯಾನಿಷು, ಉಳಿದದ್ದು ಕೈಸನ್ನೆ. ನನ್ನ ಕಿವಿಯಲ್ಲಿ ಅದೆಲ್ಲ ಕನ್ನಡವಾಗಿಯೇ ಉಳಿದಿರುವುದರಿಂದ ಹಾಗೇ ಬರೆಯುತ್ತೇನೆ.

ಅವಳು ಓದುತ್ತಿದ್ದುದು ಸೂಟ್‌ಕೇಸಿನಲ್ಲಿ ಬಂದ ಒಂದು ದಪ್ಪ ಕಾದಂಬರಿ. ಒಂದು ಹಿಟ್ಟಿನ ಗಿರಣಿಗಾಗಿ ಕಿತ್ತಾಡುವ ಮೂವರು ಅಕ್ಕತಂಗಿಯರ ಕಥೆ. ಸಾಲಿನ ಕೆಳಗೆ ಬೆರಳಿಟ್ಟು ಪಿಸುದನಿಯಲ್ಲಿ ಓದುವಳು, ನಾನು ಪಕ್ಕದಲ್ಲಿ ಕುಳಿತು ಅದನ್ನೇ ಮತ್ತೆ ಹೇಳುವುದು. ನನಗೆ ಸ್ಪ್ಯಾನಿಷ್ ಬಂದದ್ದು ಹೀಗೆ. "ಆ ನಡುವಿನವಳನ್ನ ಮಾತ್ರ ನಂಬಬೇಡ ಮಿಹಾ. ನಗ್ತಾ ನಗ್ತಾ ಕತ್ತು ಕೊಯ್ಯೋಳು," ಎಂದು ಮೊದಲೇ ಎಚ್ಚರಿಸಿದ್ದಳು.

"ಮನೆಗೆ ತಗೊಂಡು ಹೋಗಿ, ಆರಾಮಾಗಿ ಓದಬಹುದಲ್ಲ?" ಎಂದು ಒಮ್ಮೆ ಕೇಳಿದೆ. ಮನೆಗೆ ಒಯ್ಯಲು ಕಾರ್ಡು ಬೇಕು, ಕಾರ್ಡಿಗೆ ವಿಳಾಸದ ಕಾಗದ ಬೇಕು. ಅವಳು ಇದ್ದದ್ದು ಮಗಳ ಬಾಡಿಗೆ ಮನೆಯ ಗ್ಯಾರೇಜಿನಲ್ಲಿ. ಅವಳ ಹೆಸರಿಗೆ ಒಂದು ಕರೆಂಟ್ ಬಿಲ್ಲೂ ಇರಲಿಲ್ಲ. ಯಾವ ಸರ್ಕಾರಿ ಕಾಗದದ ಮೇಲೂ ಹೆಸರು ಬರೆಸಬಾರದೆಂದು ಅಳಿಯ ಬೇರೆ ಹೇಳಿದ್ದನಂತೆ. "ಬೇಡ ಬಿಡು. ಪುಸ್ತಕ ಅದರ ಮನೇಲಿರ್ಲಿ, ನಾನೇ ಬಂದು ನೋಡ್ಕೊಂಡು ಹೋಗ್ತೀನಿ," ಎಂದಳು. ಬಂದ ಬಸ್ಸಿನ ಟಿಕೆಟಿನ ಹಿಂದೆ ಪೆನ್ಸಿಲ್ಲಿನಲ್ಲಿ ಪುಟದ ಸಂಖ್ಯೆ ಬರೆದು ಪರ್ಸಿಗೆ ಹಾಕಿಕೊಳ್ಳುವಳು. ಆ ಮೂಲೆಯ ಓದುವ ಮೇಜಿಗೆ ಬರುತ್ತಿದ್ದವರಲ್ಲಿ ಹೆಚ್ಚಿನವರು ಹೀಗೆಯೇ, ಅಲ್ಲೇ ಓದಿ ಅಲ್ಲೇ ಬಿಟ್ಟು ಹೋಗುವವರು.

ಮೇಜಿನ ಮೇಲೊಂದು ಪುಟ್ಟ ಬೋರ್ಡು ಇತ್ತು. ಓದಿದ ಪುಸ್ತಕವನ್ನು ದಯವಿಟ್ಟು ಕಪಾಟಿಗೆ ಮರಳಿ ಇಡಬೇಡಿ, ಇಲ್ಲೇ ಬಿಡಿ ಎಂದು ಎರಡು ಭಾಷೆಗಳಲ್ಲಿ. ಮೊದಮೊದಲು ಸೆನ್ಯೋರಾ ಅದನ್ನು ತೋರಿಸಿ, "ಇದ್ಯಾಕೆ ಹೀಗೆ ಬರೆದಿದಾರೆ?" ಎಂದು ಕೇಳಿದಳು.

"ಅದು ಉಪಚಾರಕ್ಕೆ," ಎಂದೆ. ನಮ್ಮ ತಟ್ಟೆಯ ಕಥೆಯನ್ನೂ ಹೇಳಿದೆ.

ಅವಳು ಮೇಜು ತಟ್ಟಿ ನಕ್ಕಳು. "ನಮ್ಮಲ್ಲೂ ಹಾಗೇ! ನಮ್ಮಮ್ಮ ಆಗಿದ್ರೆ ತಟ್ಟೆ ಬಿಟ್ಟು ಎದ್ದೋಳ ಕೈ ಮುರೀತಿದ್ಲು."

ಅವತ್ತಿನಿಂದ ನಮ್ಮಿಬ್ಬರಿಗೂ ಪೈಪೋಟಿ. ಅವಳು ಎತ್ತಿಡುವ ಮೊದಲು ನಾನು, ನಾನು ಏಳುವ ಮೊದಲು ಅವಳು. ಬೇರೆಯವರಿಗೂ ಕಲಿಸಿದೆವು. ಅಡುಗೆ ಪುಸ್ತಕವನ್ನು ತೆರೆದೇ ಬಿಟ್ಟು ಹೊರಟ ಒಬ್ಬ ತಾಯಿಯನ್ನು ಸೆನ್ಯೋರಾ ಬಾಗಿಲಿನಿಂದ ವಾಪಸು ಕರೆದು, "ಇದೇನು, ನಿಮ್ಮತ್ತೆ ಬಂದು ಎತ್ತಿಡ್ತಾಳಾ?" ಎಂದಳು. ಸಂಜೆಯ ಹೊತ್ತಿಗೆ ನಮ್ಮ ಮೇಜು ಒರೆಸಿಟ್ಟ ಹಾಗೆ ಇರುತ್ತಿತ್ತು. ನನಗೆ ಅದೊಂದು ಹೆಮ್ಮೆ.

ಒಂದು ದಿನ ಲೈಬ್ರರಿಯನ್ ಮೀಟಿಂಗು ಮುಗಿಸಿ ಬಂದು ನನ್ನ ಎದುರು ಕುಳಿತಳು. ಮುಖ ಬಾಡಿತ್ತು. ಆ ಮೂಲೆಯಲ್ಲಿ ಇಂಟರ್‌ನೆಟ್ಟಿನ ಕಂಪ್ಯೂಟರುಗಳನ್ನು ಇಡುತ್ತಾರಂತೆ. ಯಾರೂ ಮುಟ್ಟದ ಪುಸ್ತಕಗಳನ್ನು ತೆಗೆದುಹಾಕಬೇಕಂತೆ.

"ಇವನ್ನ ಯಾರೂ ಮುಟ್ಟಿಲ್ಲ ಅಂತ ಪಟ್ಟಿ ಹೇಳುತ್ತೆ," ಎಂದಳು.

"ಎಂಥ ಮಾತು! ದಿನಾ ಬಂದು ಓದ್ತಾರಲ್ಲ!"

"ನನಗೆ ಗೊತ್ತು. ಕಾರ್ಡು ಇಲ್ಲದವರು ಇಲ್ಲೇ ಓದ್ತಾರೆ ಅಂತ ಗೊತ್ತಿದ್ದಕ್ಕೇ ಆ ಬೋರ್ಡು ಇಟ್ಟಿದ್ದು. ಮೇಜಿನ ಮೇಲೆ ಬಿಟ್ಟ ಪುಸ್ತಕಗಳಿಗೆ ಸಂಜೆ, ನೀನು ಹೋದ ಮೇಲೆ, ಸಿಬ್ಬಂದಿ ಸ್ಕ್ಯಾನರ್ ಹಿಡಿದು, ಓದಿದ್ದಾರೆ ಅಂತ ಎಣಿಸಿ, ಆಮೇಲೆ ಒಳಗಿಡ್ತಾರೆ. ಎಣಿಸೋಕೆ ಇದ್ದದ್ದು ಅದೊಂದೇ ದಾರಿ. ಆದರೆ ಈ ಮೇಜು ಯಾವಾಗಲೂ ಖಾಲಿ ಇತ್ತಂತೆ. ಹೇಗೆ ಅಂತಲೇ ಅರ್ಥವಾಗ್ತಿಲ್ಲ."

"ನಾನು ಎತ್ತಿಟ್ಟೆ," ಎಂದೆ. "ನಾವು ಎತ್ತಿಟ್ಟೆವು."

ಅವಳು ಬೈದಿದ್ದರೆ ಚೆನ್ನಾಗಿತ್ತು. "ಇನ್ನೊಂದು ಮೀಟಿಂಗಿದೆ. ಹೇಳಿ ನೋಡ್ತೀನಿ," ಎಂದಷ್ಟೇ ಎದ್ದುಹೋದಳು.

ಆ ಮೀಟಿಂಗು ಬರುವುದಕ್ಕೆ ಮೊದಲೇ, ವಾರಾಂತ್ಯದಲ್ಲಿ ಬೇರೆ ಯಾರೋ ಬಂದು ಪುಸ್ತಕಗಳನ್ನು ಡಬ್ಬಗಳಿಗೆ ತುಂಬಿ ಲಾರಿಗೆ ಹಾಕಿ ಕಳಿಸಿದ್ದರು. ಸೋಮವಾರ ನಾನು ಹೋದಾಗ ಕಪಾಟು ಇದ್ದ ಕಡೆ ಕಾರ್ಪೆಟ್ಟು ಮಾತ್ರ ಹೊಸದರಂತೆ ಕಡುನೀಲಿಯಾಗಿತ್ತು. ಎಲ್ಲಿಗೆ ಹೋದವೆಂದು ಮುಂದೆ ಎಷ್ಟೋ ವಾರ ಹುಡುಕಿದೆವು. ಹಳೆಯ ಪುಸ್ತಕದಂಗಡಿಗಳನ್ನು ಸುತ್ತಿದೆವು. ಆ ಕಾದಂಬರಿ ಅಚ್ಚು ಹಾಕಿದ್ದು ಮೆಕ್ಸಿಕೋದ ಸಣ್ಣ ಊರಿನ ಒಂದು ಪ್ರೆಸ್ಸು. ಲೈಬ್ರರಿಯನ್ ಅಲ್ಲಿಗೆ ಕಾಗದ ಬರೆದಳು, ಉತ್ತರ ಬರಲಿಲ್ಲ.

ಆ ಸೋಮವಾರದ ಮರುದಿನವೇ, ಮಂಗಳವಾರ, ಸೆನ್ಯೋರಾ ಬಂದಳು. ಖಾಲಿ ಜಾಗ ನೋಡಿ, ನನ್ನತ್ತ ತಿರುಗಿ, "ನನ್ನ ಪುಸ್ತಕ?" ಎಂದಳು.

ರಾತ್ರಿಯೆಲ್ಲ ಕುಳಿತು ಹೇಳಬೇಕಾದದ್ದನ್ನು ಅವಳ ಭಾಷೆಯಲ್ಲೇ ಬಾಯಿಪಾಠ ಮಾಡಿಕೊಂಡು ಬಂದಿದ್ದೆ. ಅವಳೇ ಕಲಿಸಿದ ಮಾತುಗಳು. ಆದರೆ ಅದನ್ನು ಹೇಳಿದರೆ ತಪ್ಪು ನನ್ನೊಬ್ಬಳದಾಗಿ ಉಳಿಯುತ್ತಿರಲಿಲ್ಲ, ಅವಳ ಊದಿದ ಬೆರಳುಗಳದೂ ಆಗುತ್ತಿತ್ತು. ಬಾಯಿಗೆ ಬಂದದ್ದು ಬೇರೆ. "ಕಪಾಟು ಒಳಗೆ ಹೋಗಿದೆ. ನಿಮ್ಮ ಪುಸ್ತಕ ಯಾರೋ ಮನೆಗೆ ತಗೊಂಡು ಹೋಗಿದಾರೆ."

ಅವಳ ಮುಖ ಅರಳಿತು. "ಮನೆಗೇ? ನೋಡಿದ್ಯಾ! ಒಳ್ಳೇದಾಯ್ತು ಬಿಡು. ಬಂದಾಗ ಹೇಳು."

ಮುಂದಿನ ಮಂಗಳವಾರ, "ಬಂತಾ?"

"ಇನ್ನೂ ಇಲ್ಲ."

"ಪಾಪ, ನಿಧಾನವಾಗಿ ಓದೋರು ಇರಬೇಕು. ಆ ನಡುವಿನವಳ ಕೈಗೆ ಸಿಕ್ಕಿಹಾಕ್ಕೊಂಡಿರ್ತಾರೆ," ಎಂದು ಕಣ್ಣು ಮಿಟುಕಿಸಿದಳು. ಅದರ ಮುಂದಿನ ವಾರವೂ ಬಂದಳು, ಅದರ ಮುಂದಿನದೂ. ಈ ಸಲ ಹೇಳಿಬಿಡುತ್ತೇನೆ ಎಂದು ಪ್ರತಿ ಸೋಮವಾರ ಅಂದುಕೊಳ್ಳುತ್ತಿದ್ದೆ. ಅವಳು ಹೊಸ ಕಂಪ್ಯೂಟರುಗಳಿಗೆ ಬೆನ್ನು ಹಾಕಿ ಕುಳಿತು, ಸಿಕ್ಕಿದ ಸ್ಪ್ಯಾನಿಷ್ ಪತ್ರಿಕೆಯೊಂದನ್ನು ತಿರುವಿ ಹಾಕಿ ಹೋಗುತ್ತಿದ್ದಳು.

ಆ ವರ್ಷಗಳಲ್ಲಿ ನನ್ನವರಂಥವರು ಬಂದು ಬಂದು ಊರಿನ ಬಾಡಿಗೆಗಳೆಲ್ಲ ಏರುತ್ತಿದ್ದವು. ಸೆನ್ಯೋರಾಳ ಮಗಳಿಗೆ ಮಾಲೀಕ ಮನೆ ಬಿಡಿ ಎಂದನಂತೆ. ಸಂಸಾರವೆಲ್ಲ ಫ್ರೀವೇ ಹಿಡಿದು ಎರಡು ಗಂಟೆ ದೂರದ, ಒಳನಾಡಿನ ಕಣಿವೆಯ ಊರಿಗೆ ಹೊರಟಿತ್ತು. ಕಡೆಯ ಮಂಗಳವಾರ ಸೆನ್ಯೋರಾ ಕೇಳಲಿಲ್ಲ. ಪರ್ಸಿನಿಂದ ಹಳೆಯ ಬಸ್ ಟಿಕೆಟೊಂದನ್ನು ತೆಗೆದು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಚಿದಳು.

"ಅದು ವಾಪಸು ಬಂದಾಗ ಈ ಪುಟದಲ್ಲಿ ಇಡು ಮಿಹಾ. ಇಲ್ಲೀತನಕ ಒಬ್ಳು ಬಂದಿದ್ಲು ಅಂತ ಮುಂದಿನೋರಿಗೆ ಗೊತ್ತಾಗ್ಲಿ."

ಇಡುತ್ತೇನೆ ಎಂದೆ. ಟಿಕೆಟು ಈಗಲೂ ನನ್ನ ಬಳಿ ಇದೆ. ಪೆನ್ಸಿಲ್ಲಿನ ಅಂಕಿ ಮಾಸಿದೆ, ಬೆಳಕಿಗೆ ಓರೆಯಾಗಿ ಹಿಡಿದರೆ ಕಾಣುತ್ತದೆ.

ಅವಳು ಕೋಟು ಹಾಕಿಕೊಂಡು ಎದ್ದಳು. ಎರಡು ಹೆಜ್ಜೆ ಇಟ್ಟು ನಿಂತು, ತಿರುಗಿ ಬಂದಳು. ಓದಿದ ಪತ್ರಿಕೆ ಮೇಜಿನ ಮೇಲೆಯೇ ಉಳಿದಿತ್ತು. ಅದನ್ನು ಮಡಚಿ, ಅಂಚು ತಟ್ಟಿ ಸರಿಮಾಡಿ, ತಂದಿದ್ದ ಜಾಗದಲ್ಲೇ ಇಟ್ಟು, ನೋಡು ಹೇಗೆ ಎಂಬಂತೆ ನನ್ನತ್ತ ನೋಡಿದಳು. ಬೋರ್ಡು ಇನ್ನೂ ಅಲ್ಲೇ ಇತ್ತು. ನಾನು ತಡೆಯಲಿಲ್ಲ.