ಅತ್ತೆಯ ಅವರೆ ಬೀಜ

ನಾನು ಮದುವೆಯಾಗಿ ಶಿರಾ ಸೀಮೆಗೆ ಬಂದಾಗ ಇನ್ನೂ ಮಹಾರಾಜರ ಕಾಲ. ಅತ್ತೆಯ ಹಿತ್ತಲಲ್ಲಿ ಒಂದು ಚಪ್ಪರದವರೆ ಇತ್ತು. ಕಾಯಿ ನೇರಳೆ ಬಣ್ಣ, ಬೆಂದರೆ ಬೆಣ್ಣೆ. ಅದರ ಬೀಜವನ್ನು ಅತ್ತೆಯ ತಾಯಿ ಮಡಿಲಕ್ಕಿಯ ಜೊತೆ ಕಟ್ಟಿಕೊಟ್ಟಿದ್ದರಂತೆ. ಆ ತವರಿನಲ್ಲಿ ಈಗ ಯಾರೂ ಉಳಿದಿರಲಿಲ್ಲ, ಬಳ್ಳಿಯೊಂದೇ ಉಳಿದಿತ್ತು. ಊರಲ್ಲಿ ಯಾರು ಕೇಳಿದರೂ ಅತ್ತೆ ಕಾಯಿ ಕೊಡುತ್ತಿದ್ದರು, ಎಳೆಯದು ಮಾತ್ರ. ಬಲಿತದ್ದು ಕೊಟ್ಟರೆ ಬಿತ್ತಿಕೊಂಡುಬಿಟ್ಟಾರು ಎಂಬ ಗುಮಾನಿ.

ನನ್ನ ತವರು ನಿಡುಗಲ್ ಕಡೆ. ಅಣ್ಣ ನೋಡಲು ಬಂದರೆ ತೆಲುಗಿನಲ್ಲಿ ಮಾತಾಡುತ್ತಿದ್ದೆವು. ಅತ್ತೆಗೆ ತೆಲುಗು ಬಾರದು. ನಾವು ನಕ್ಕರಂತೂ ಮುಗಿಯಿತು, ಬೀಜದ ಮಾತೇ ಇರಬೇಕು ಎಂದು ಅವರ ಲೆಕ್ಕ. ನಾನು ತವರಿಗೆ ಹೊರಟರೆ ಅವರೇ ಗಂಟು ಬಿಚ್ಚಿ, ಸೀರೆ ಕೊಡವಿ, ಮತ್ತೆ ಮಡಿಸಿಕೊಡುತ್ತಿದ್ದರು.

"ಏನ್ ಹುಡುಕ್ತೀರತ್ತೆ?"

"ಇರುವೆ ಹತ್ತೈತೇನೋ ಅಂತ ನೋಡ್ದೆ ಕಣಮ್ಮ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವಳು ನಾನಲ್ಲ. ಆದರೂ ಮೈಯೆಲ್ಲ ಉರಿಯುತ್ತಿತ್ತು.

ಬೀಜಕ್ಕೆ ಬೂದಿ ಬೆರೆಸಿ, ಒಣಗಿದ ಸೋರೆಬುರುಡೆಗೆ ತುಂಬಿ, ಒಲೆಯ ಮೇಲೆ ಹೊಗೆ ತಾಗುವಂತೆ ತೂಗುಹಾಕುವುದು ಮನೆಯ ರೂಢಿ. ಮದುವೆಯಾಗಿ ಕೆಲವು ವರ್ಷ ಕಳೆದ ಮೇಲೆ ಅಡುಗೆ ನನ್ನ ಕೈಗೆ ಬಂತು. ಒಲೆ ನನ್ನದಾದ ಮೇಲೆ ಅದರ ಮೇಲಿನ ಬುರುಡೆಯ ಗತಿಯೇನು? ಅತ್ತೆ ಅದನ್ನು ಇಳಿಸಿ, ಬೂದಿ ಕೇರಿ, ಬೀಜವನ್ನು ಬಟ್ಟೆಯಲ್ಲಿ ಕಟ್ಟಿ ತಮ್ಮ ಮರದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರು.

"ಅಲ್ಲಿ ಹೊಗೆ ತಾಗಲ್ಲತ್ತೆ, ಹುಳ ಬೀಳ್ತದೆ," ಅಂದೆ.

"ಬೀಜದ ಚಿಂತೆ ನಿಂಗ್ಯಾಕಮ್ಮ ಇಷ್ಟು?" ಅಂದು ಕೀಲಿಯನ್ನು ಸೆರಗಿಗೆ ಗಂಟು ಹಾಕಿಕೊಂಡರು.

ಆರಿದ್ರಾ ಮಳೆ ಹಿಡಿಯಿತು. ಹಳೇ ಬಳ್ಳಿ ಆಗಲೇ ಒಣಗಿ ಒಲೆ ಸೇರಿತ್ತು. ಅತ್ತೆ ಪಾತಿ ಮಾಡಿ ಬಂದು ಗಂಟು ಬಿಚ್ಚಿದರೆ ಕಾಳಿಗೆಲ್ಲ ತೂತು, ಬಟ್ಟೆ ತುಂಬ ಹಿಟ್ಟು, ಹಿಟ್ಟಿನಲ್ಲಿ ಹುಳ. ಆದರೂ ಬಿತ್ತಿದರು. ಒಂದೂ ಹುಟ್ಟಲಿಲ್ಲ.

ಒಂದು ಮಧ್ಯಾಹ್ನ ನಾನು ರಾಗಿ ಬೀಸುತ್ತಿದ್ದೆ. ಅತ್ತೆ ಬಂದು ಎದುರಿಗೆ ಕೂತು, ಬೀಸುವ ಕಲ್ಲಿನ ಗೂಟಕ್ಕೆ ತಾವೂ ಕೈ ಹಾಕಿದರು. ಹಿಂದೆಂದೂ ಹಾಗೆ ಕೂತವರಲ್ಲ. ಈಗ ಅನುಮಾನ ಪಡುವ ಸರದಿ ನನ್ನದಾಯಿತು.

"ನಿಮ್ಮಣ್ಣನ ಹಿತ್ಲಾಗೆ ನಮ್ಮವರೆ ಐತಾ?"

"ಇಲ್ಲತ್ತೆ."

"ಕದ್ದಿದ್ರೂ ಬೈಯಾಕಿಲ್ಲ ಕಣಮ್ಮ. ದೇವ್ರಾಣೆಗೂ ಬೈಯಾಕಿಲ್ಲ. ನಾಕು ಕಾಳಾದ್ರೂ ತಗಂಡೋಗಿದ್ದೀಯ ಅಲ್ವಾ?"

ಈ ಪ್ರಶ್ನೆಗೆಂದೇ ವರ್ಷಗಟ್ಟಲೆ ನಾಲಿಗೆ ಮಸೆದುಕೊಂಡಿದ್ದವಳು ನಾನು. ಆದರೆ ಆಗ ಅವರ ಮುಖ ನೋಡಲಾಗಲಿಲ್ಲ. ಹೂಂ ಅಂದುಬಿಡೋಣ ಅನ್ನಿಸಿತು.

"ಇಲ್ಲತ್ತೆ, ನಾನು ಕದೀಲಿಲ್ಲ," ಅಂದೆ.

ಅತ್ತೆ ಗೂಟದಿಂದ ಕೈ ತೆಗೆದರು.

"ಕದ್ಕಂಡಾದ್ರೂ ಹೋಗ್ಬಾರ್ದಿತ್ತಾ," ಅಂದರು.